ಎಸ್ಟಿಮೇಟಿಗೆ ಸಿಗದ ಗುಂಡುಕಲ್ಲು

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಒಂದು ತೆರೆದ ಜಿಮ್ ಇದೆ. ಊರಿನ ಹೆಸರು ಬೇಡ. ನಿಮ್ಮೂರೇ ಅಂದುಕೊಳ್ಳಿ, ದೊಡ್ಡ ತಪ್ಪೇನೂ ಆಗುವುದಿಲ್ಲ. ಒಳಗೆ ಕಾಲಿಟ್ಟರೆ ಯಂತ್ರಗಳಿಗಿಂತ ಮೊದಲು ಕಣ್ಣಿಗೆ ಬೀಳುವುದು ಲೋಕಾರ್ಪಣೆಯ ಕಲ್ಲು. ಕರಿ ಗ್ರಾನೈಟು, ನನ್ನ ಎದೆಮಟ್ಟ. ಅದರ ಮೇಲೆ ಹದಿನಾಲ್ಕು ಹೆಸರು, ಹದಿನಾಲ್ಕರ ಹಿಂದೆಯೂ 'ಸನ್ಮಾನ್ಯ'. 'ಅಂದಾಜು ವೆಚ್ಚ' ಅಂತ ಒಂದು ಸಾಲಿದೆ. ಅದರ ಮುಂದಿನ ಅಂಕಿಯ ಮೇಲೆ ಮಾತ್ರ ಯಾರೋ ಗುರಿಯಿಟ್ಟು ಗುಟ್ಕಾ ಉಗಿದಿದ್ದಾರೆ.

ಆ ಕಲ್ಲು ನಿಲ್ಲಿಸಿದ ದಿನ ನಾನು ಅಲ್ಲೇ ಇದ್ದೆ. ನಾಲ್ಕು ಜನ ಕೂಲಿಯವರು ಹಗ್ಗ ಕಟ್ಟಿ, 'ಐಸಾ, ಐಸಾ' ಅಂತ ಬೆವರು ಸುರಿಸಿ ಎತ್ತಿ ನಿಲ್ಲಿಸಿದರು. ಈ ಜಿಮ್ಮಿನಿಂದ ಯಾರಿಗಾದರೂ ತೋಳು ಬಲಿತಿದ್ದರೆ ಅದು ಆ ನಾಲ್ಕು ಜನಕ್ಕೆ, ಆ ಒಂದು ದಿನ.

ನನಗೆ ಈಗ 49. ಹೋದ ವರ್ಷ ಸಕ್ಕರೆ ಬಂದು ಗಡಿಯಲ್ಲಿ ನಿಂತಿತು. ಡಾಕ್ಟರು ಒಮ್ಮೆ ರಿಪೋರ್ಟ್ ನೋಡಿದರು, ಒಮ್ಮೆ ನನ್ನ ಕಾಲು ನೋಡಿದರು. "ಹೊಟ್ಟೆ ಇದೆ, ತೊಡೆ ಇಲ್ಲ" ಅಂದರು. ದಿನಾ ವಾಕಿಂಗ್ ಹೋಗ್ತೀನಿ ಸಾರ್ ಅಂದೆ. "ಹೋಗಿ. ಜೊತೆಗೆ ಭಾರನೂ ಎತ್ತಿ" ಅಂದರು. ಊಟ ಆದ ಮೇಲೆ ರಕ್ತಕ್ಕಿಳಿಯುವ ಸಕ್ಕರೆಗೆ ದೊಡ್ಡ ಗಿರಾಕಿ ಸ್ನಾಯುವಂತೆ. ಗಿರಾಕಿಯೇ ಊರು ಬಿಟ್ಟರೆ ಸರಕು ಅಂಗಡಿಯಲ್ಲೇ ಕೊಳೆಯುತ್ತೆ, ಅಲ್ವಾ?

ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತಾ ಹೋಗುತ್ತದೆ ಅನ್ನುವುದು ವೈದ್ಯರ ಲೆಕ್ಕ. ವಯಸ್ಸಿನ ಜೊತೆ ಹೀಗೆ ಕರಗುವುದಕ್ಕೆ 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಅನ್ನುವವರು 'ಸಾರ್ಕೋಪೀನಿಯಾ' ಅಂತ ಹೆಸರಿಟ್ಟರು. ಗ್ರೀಕ್ ಭಾಷೆಯಿಂದ ತೆಗೆದದ್ದು. ಅರ್ಥ, ಮಾಂಸದ ಬಡತನ. ಕೇಳಿ ಒಂಥರಾ ಸಮಾಧಾನವಾಯಿತು. ಕಾರು ಇಟ್ಟುಕೊಂಡೂ ಬಿಪಿಎಲ್ ಕಾರ್ಡ್ ಮಾಡಿಸಿಕೊಂಡವರು ನಮ್ಮ ಬೀದಿಯಲ್ಲಿ ಮೂರು ಮನೆ ಇದ್ದಾರೆ. ಡಾಕ್ಟರ ಸಹಿಯಿರುವ ಬಡವ ನಾನೊಬ್ಬನೇ.

ಸರಿ, ಮಾರನೇ ದಿನ ಆರು ಗಂಟೆಗೆ ಪಾರ್ಕಿಗೆ ಹೋದೆ.

ಮೊದಲು ಎದೆಗೆ ವ್ಯಾಯಾಮ ಕೊಡುವ ಯಂತ್ರ. ಸೀಟಿನ ಮೇಲೆ ಕೂತು ಎರಡು ಹಿಡಿಗಳನ್ನು ಮುಂದಕ್ಕೆ ತಳ್ಳಬೇಕು. ತಳ್ಳಿದೆ. ಸೀಟೇ ನನ್ನನ್ನು ಹೊತ್ತುಕೊಂಡು ಕಿರ್ರ್ ಅಂತ ಮೇಲೆ ಹೋಯಿತು. ಬಿಟ್ಟೆ, ಕೆಳಗೆ ಬಂತು. ಜಾತ್ರೆಯ ತೊಟ್ಟಿಲಿನಲ್ಲಿ ಕೂತ ಹಾಗೆ ಹಿತವಾಗಿತ್ತು. ನಲವತ್ತು ಸಲ ತಳ್ಳಿದ ಮೇಲೂ ಉಸಿರು ಹೆಚ್ಚಾಗಲಿಲ್ಲ. ಇಳಿದು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದೆ. ಅದರಲ್ಲಿ ಬೇರೆ ಭಾರ ಅನ್ನುವುದೇ ಇಲ್ಲ. ನಾನು ತಳ್ಳುವುದು ನನ್ನದೇ ಮೈತೂಕದ ಒಂದು ಪಾಲು, ಅದೂ ಸನ್ನೆಗೋಲಿನ ಸಹಾಯದಿಂದ.

ಸ್ನಾಯು ಬೆಳೆಯುವ ಲೆಕ್ಕ ಭಾಳ ಸರಳ. ಇವತ್ತು ಹತ್ತು ಕೆಜಿ. ಹತ್ತು ಸಲೀಸಾದ ಮೇಲೆ ಹನ್ನೆರಡು. ಆಮೇಲೆ ಹದಿನೈದು. ಕೊನೆಯ ಎರಡು ಮೂರು ಸಲ ಎತ್ತುವಾಗ ಮುಖ ಕಿವುಚಿಕೊಳ್ಳಬೇಕು. ಅಷ್ಟು ಕಷ್ಟ ಕೊಟ್ಟರೆ ಮಾತ್ರ ಮೈ ಬಗ್ಗುತ್ತೆ. ಪಾರ್ಕಿನ ಯಂತ್ರದಲ್ಲಿ ಭಾರ ಹೆಚ್ಚಬೇಕೆಂದರೆ ಇರುವುದು ಒಂದೇ ದಾರಿ, ನಾನೇ ದಪ್ಪಗಾಗಬೇಕು. ಗೇಟಿನ ಎದುರು ಬೋಂಡಾ ಗಾಡಿಗೆ ಪರ್ಮಿಷನ್ ಕೊಟ್ಟಿದ್ದು ಇದಕ್ಕೇ ಇರಬೇಕು. ಇಡೀ ಯೋಜನೆಯಲ್ಲಿ ಹಂತ ಹಂತವಾಗಿ ಭಾರ ಹೆಚ್ಚಿಸುವ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದ್ದು ಎಸ್ಟಿಮೇಟ್ ಒಂದೇ. ಮೊದಲ ಹಂತದಲ್ಲಿ ಆರು ಯಂತ್ರ ಬಂದವು. ಎರಡನೇ ಹಂತದಲ್ಲಿ ಬಂದದ್ದು ನಾಲ್ಕೇ, ಬಿಲ್ ಮಾತ್ರ ಮೊದಲಿನದಕ್ಕಿಂತ ಜಾಸ್ತಿ.

ಉಳಿದ ಯಂತ್ರಗಳ ಕಥೆ ಬೇಗ ಮುಗಿಸುತ್ತೇನೆ. ಸೈಕಲ್ಲಿಗೆ ಒಂದು ಪೆಡಲ್ ಇಲ್ಲ. ಗಾಳಿಯಲ್ಲಿ ಕಾಲು ಬೀಸುವ ಯಂತ್ರದ ಮೇಲೆ ಇಬ್ಬರು ಹುಡುಗರು ಸದಾ ಇನ್‌ಸ್ಟಾಗ್ರಾಮ್ ನೋಡುತ್ತಾ ತೂಗಾಡುತ್ತಿರುತ್ತಾರೆ. ಮೇಲಿನಿಂದ ಕೆಳಕ್ಕೆ ಎಳೆಯುವ ಯಂತ್ರದ ಹಿಡಿಗೆ ಕಾವಲುಗಾರನ ಲುಂಗಿ ಒಣಗಲು ಹಾಕಿದೆ. ನಿಂತು ಸೊಂಟ ತಿರುಗಿಸುವ ತಟ್ಟೆ ಮಾತ್ರ ಒಂದು ಕ್ಷಣವೂ ಖಾಲಿ ಇರುವುದಿಲ್ಲ. ಅಲ್ಲಿ ಮೂವರು ಎದುರುಬದುರು ನಿಂತು ಆ ಕಡೆ ಈ ಕಡೆ ತಿರುಗುತ್ತಾ ಯಾರ ಮಗಳು ಯಾರ ಜೊತೆ ಅನ್ನುವುದನ್ನು ಬಗೆಹರಿಸುತ್ತಾರೆ. ಅದರಿಂದ ಸೊಂಟಕ್ಕೆ ಏನೂ ಆಗುವುದಿಲ್ಲ. ಊರಿಗೆ ಆಗುತ್ತೆ.

ಪಾರ್ಕಿನಲ್ಲಿ ಭಾರದ ವಿಷಯ ಎತ್ತಿದರೆ ಸಾಕು, ಹಿರಿಯರು ಗಾಬರಿಯಾಗುತ್ತಾರೆ. ನಿವೃತ್ತ ರಾಯರೊಬ್ಬರಿದ್ದಾರೆ, 62 ವರ್ಷ. "ಈ ವಯಸ್ಸಲ್ಲಿ ಭಾರ ಎತ್ತಬಾರದು ಕಣ್ರೀ, ನರ ಹಿಡ್ಕೊಳ್ಳುತ್ತೆ" ಅಂದರು. ನಾನು ಬಾಸ್ಟನ್ನಿನ ಕಥೆ ಹೇಳಿದೆ. 1990ರಲ್ಲಿ ಅಲ್ಲಿನ ಸಂಶೋಧಕರು ವೃದ್ಧಾಶ್ರಮದ ಹತ್ತು ಜನರಿಂದ ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದರು. ವಯಸ್ಸು 86ರಿಂದ 96. ಒಬ್ಬರು ನಡುವೆ ಬಿಟ್ಟರು. ಉಳಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಾಯಿತು. ರಾಯರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಅಲ್ಲಿ ಗಾಳಿ ಚೆನ್ನಾಗಿದೆ ಬಿಡಿ" ಅಂದರು.

2021ರ ಅಕ್ಟೋಬರಿನಲ್ಲಿ ಪುನೀತ್ ಹೋದ ಮೇಲಂತೂ ಜಿಮ್ ಅಂದರೆ ಮನೆಯವರು ಬೆಚ್ಚಿಬೀಳುತ್ತಾರೆ. ಆ ನೋವಿನ ಮೇಲೆ ತಮಾಷೆ ಮಾಡುವ ಮನಸ್ಸು ನನಗಿಲ್ಲ. ನಡುವಯಸ್ಸಿನಲ್ಲಿ ಶುರು ಮಾಡುವವರು ಡಾಕ್ಟರಿಗೆ ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದೇ. ಆದರೆ ಜಿಮ್ಮಿಗೆ ಹೆದರಿದ ಅಷ್ಟೂ ಜನರಲ್ಲಿ ಬೋಂಡಾಗೆ ಹೆದರಿದ ಒಬ್ಬರನ್ನೂ ನಾನು ಇನ್ನೂ ನೋಡಿಲ್ಲ.

ಈ ಮಾತನ್ನೆಲ್ಲ ಮನೆಯಲ್ಲಿ ಬಂದು ಹೇಳುವಾಗ ಗ್ಯಾಸ್ ಬಂತು. ನನ್ನ ಹೆಂಡತಿ, "ರೀ, ಭಾರ ಭಾರ ಅಂತಿದ್ದೀರಲ್ಲ, ಸಿಲಿಂಡರ್ ಒಳಗಿಡಿ" ಅಂದಳು. ಬಗ್ಗಿದೆ. ಬೆನ್ನು ನೆಟ್ಟಗೆ, ಮೊಣಕಾಲು ಬಗ್ಗಿಸಿ, ಉಸಿರು ಹಿಡಿದು, ವಿಡಿಯೋದಲ್ಲಿ ಹೇಳಿದ ಹಾಗೆಯೇ ಎತ್ತಿದೆ. ಎದ್ದಿತು! ಅಡುಗೆಮನೆಯವರೆಗೂ ಹೊತ್ತುಕೊಂಡು ಹೋಗಿ ಇಟ್ಟೆ. ಹೆಂಡತಿ ಬಂದು ನೋಡಿ, "ಅದು ಖಾಲಿದು, ಹುಡುಗನಿಗೆ ವಾಪಸ್ ಕೊಡೋದು" ಅಂದಳು. ತುಂಬಿದ್ದನ್ನು ತಾನೇ ಓರೆ ಮಾಡಿ, ಅಂಚಿನ ಮೇಲೆ ಉರುಳಿಸಿಕೊಂಡು ಒಳಗೆ ತಂದಳು. ಗ್ಯಾಸೇ 14.2 ಕೆಜಿ, ಕಬ್ಬಿಣವೂ ಹೆಚ್ಚುಕಡಿಮೆ ಅಷ್ಟೇ. ಆ ಹುಡುಗ ಅದನ್ನು ಹೆಗಲ ಮೇಲಿಟ್ಟುಕೊಂಡು ಮೂರನೇ ಮಹಡಿ ಹತ್ತುತ್ತಾನೆ. ಅವನಿಗೆ ಇಪ್ಪತ್ತು ರೂಪಾಯಿ ಜಾಸ್ತಿ ಕೊಡಲು ನಾವು ಚಿಲ್ಲರೆ ಇಲ್ಲ ಅನ್ನುತ್ತೇವೆ. ನಮ್ಮ ಕೈಗೆ ಭಾರ ಸಿಗಲೆಂದು ಜಿಮ್ಮಿಗೆ ವರ್ಷದ ಫೀಸು ಒಟ್ಟಿಗೇ ಕಟ್ಟುತ್ತೇವೆ.

ಇದೇ ಹೆಂಡತಿಗೆ ನೆಂಟರೆಲ್ಲ ಸೇರಿ ಒಂದು ಉಪದೇಶ ಕೊಟ್ಟಿದ್ದಾರೆ. ನಲವತ್ತೈದು ಆಯ್ತಮ್ಮ, ಇನ್ನು ಭಾರ ಎತ್ತಬೇಡ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೂಳೆ ಸವೆಯುವುದು ಜೋರಾಗುತ್ತದೆ, ಆಗಲೇ ಮೂಳೆಗೂ ಸ್ನಾಯುವಿಗೂ ಭಾರದ ಕೆಲಸ ಬೇಕು ಅನ್ನುತ್ತಾರೆ ವೈದ್ಯರು. ಆದರೆ ನೆಂಟರ ಮುಂದೆ ವೈದ್ಯರು ಯಾವ ಲೆಕ್ಕ? ಉಪದೇಶ ಮುಗಿಸಿದ ನೆಂಟರು ನೀರು ಕೇಳಿದರು. ಇಪ್ಪತ್ತು ಲೀಟರಿನ ಕ್ಯಾನನ್ನು ಎತ್ತಿ ಡಿಸ್ಪೆನ್ಸರ್ ಮೇಲೆ ಬೋರಲು ಹಾಕಿದ್ದು ಅವಳೇ. ಅದು ಭಾರವಲ್ಲ, ಮನೆಗೆಲಸ.

ಖಾಸಗಿ ಜಿಮ್ಮಿಗೂ ಒಂದು ತಿಂಗಳು ಹೋಗಿ ಬಂದೆ. ಅಲ್ಲಿ ಭಾರ ನಿಜವಾಗಿಯೂ ಇದೆ, ಅದನ್ನು ಒಪ್ಪಬೇಕು. ಟ್ರೈನರ್ ಹುಡುಗ "ಅಂಕಲ್, ಸ್ಕ್ವಾಟ್" ಅಂದ. ಮಾಡಿ ತೋರಿಸಿದ. ನೋಡಿದರೆ ನಮ್ಮ ಬಸ್ಕಿ! ಗರಡಿಮನೆಯಲ್ಲಿ ಪೈಲ್ವಾನರು ನೂರುಗಟ್ಟಲೆ ಹೊಡೆಯುತ್ತಿದ್ದದ್ದು. ಮೈಸೂರಿನಲ್ಲಿ ಇವತ್ತಿಗೂ ಗರಡಿಗಳಿವೆ. ಕೆಮ್ಮಣ್ಣಿನ ಅಖಾಡವಿದೆ, ಗದೆಯಿದೆ. ವಿಜಯದಶಮಿಯ ದಿನ ಅರಮನೆಯಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತೆ. ಉಳಿದ ನಾವು ಬಸ್ಕಿಯನ್ನು ಏನು ಮಾಡಿದೆವು? ಹೋಂವರ್ಕ್ ಮಾಡದ ಹುಡುಗರಿಗೆ ಶಿಕ್ಷೆ ಮಾಡಿದೆವು. ಗಣಪತಿಯ ಮುಂದೆ ಕಿವಿ ಹಿಡಿದು ಹೊಡೆಯುವ ತಪ್ಪುಕಾಣಿಕೆ ಮಾಡಿದೆವು. ನನ್ನ ಲೆಕ್ಕದ ಮೇಷ್ಟ್ರು ಮೂರು ವರ್ಷ ಪುಕ್ಕಟೆ ಮಾಡಿಸಿದ್ದನ್ನು ಈಗ ಈ ಹುಡುಗ ದುಡ್ಡು ತಗೊಂಡು ಮಾಡಿಸುತ್ತಾನೆ. ಕಿವಿ ಹಿಡಿಯೋದು ಬೇಡ ಅಂಕಲ್, ಅನ್ನುತ್ತಾನೆ. ಅಷ್ಟೇ ವ್ಯತ್ಯಾಸ.

ಮೂರನೇ ದಿನವೇ ಅವನು ಪ್ರೋಟೀನ್ ಡಬ್ಬಿ ತೋರಿಸಿದ. ದೊಡ್ಡವರಿಗೆ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಮ್ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. ನನ್ನ 74 ಕೆಜಿಗೆ 61 ಗ್ರಾಮ್ ಆಯಿತು. ಭಾರ ಎತ್ತುವವರಿಗೆ ಇನ್ನೂ ಸ್ವಲ್ಪ ಬೇಕು ಅಂತಾರೆ, ಇರಲಿ. ನನ್ನ ಊಟದ ತಟ್ಟೆಯನ್ನು ಲೆಕ್ಕ ಹಾಕಿದರೆ ಅನ್ನದ ಗುಡ್ಡ, ಅದರ ಬುಡದಲ್ಲಿ ಬೇಳೆ ಹುಡುಕಬೇಕಾದ ತಿಳಿಸಾರು. ನಮ್ಮಜ್ಜಿ ಹುರುಳಿ ಬೇಯಿಸಿ ಕಟ್ಟಿನ ಸಾರು ಮಾಡುತ್ತಿದ್ದಳು, ಕಾಳನ್ನು ಪಲ್ಯಕ್ಕೆ ಹಾಕುತ್ತಿದ್ದಳು. ನೂರು ಗ್ರಾಮ್ ಹುರುಳಿಯಲ್ಲಿ 20 ಗ್ರಾಮಿಗೂ ಜಾಸ್ತಿ ಪ್ರೋಟೀನ್ ಇದೆ. ಅದು ಎತ್ತಿಗೆ ಹಾಕೋದು ಅಂತ ನಾವು ಬಿಟ್ಟೆವು. ಎತ್ತಿನ ತೊಡೆ ಒಮ್ಮೆ ನೋಡಿ.

ಇಷ್ಟೆಲ್ಲ ತಲೆಗೆ ಹತ್ತಿದ ಮೇಲೆ ಸುಮ್ನೆ ಇರೋಕೆ ಆಗುತ್ತಾ? ವಾರ್ಡಿನ ಸಭೆ ಕರೆದಿದ್ದರು, ಜಿಮ್ಮಿನ ಮೂರನೇ ಹಂತಕ್ಕೆ. ಎದ್ದು ನಿಂತು ಕೇಳಿದೆ. ಯಂತ್ರ ಬೇಡ ಸ್ವಾಮಿ, ಆರು ಗುಂಡುಕಲ್ಲು ಇಡಿ. ಐದು ಕೆಜಿಯಿಂದ ಶುರು ಮಾಡಿ ನಲವತ್ತರವರೆಗೆ. ಪಕ್ಕದಲ್ಲೊಂದು ಗಟ್ಟಿ ಅಡ್ಡಕಂಬಿ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಈಗಲೂ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ನಡೆಯುತ್ತೆ, ಆ ಕಲ್ಲು ಕೆಟ್ಟುಹೋಯಿತು ಅಂತ ಯಾರೂ ದೂರು ಕೊಟ್ಟಿಲ್ಲ. ವಾರಕ್ಕೆ 150 ನಿಮಿಷ ನಡೆಯುವುದರ ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಿ ಅಂತ ವಿಶ್ವಸಂಸ್ಥೆಯ ಆರೋಗ್ಯದವರೂ ಹೇಳಿದ್ದಾರೆ. ನಮ್ಮ ಪಾರ್ಕಿನ ಬೋರ್ಡಿನಲ್ಲಿ ಮೊದಲರ್ಧ ಮಾತ್ರ ಬರೆಸಿದ್ದೀರಿ.

ಜೂನಿಯರ್ ಇಂಜಿನಿಯರ್ ತಲೆ ತುರಿಸಿಕೊಂಡರು. "ಐಡಿಯಾ ಚೆನ್ನಾಗಿದೆ ಸಾರ್. ಆದ್ರೆ ಗುಂಡುಕಲ್ಲಿಗೆ ಎಸ್‌ಆರ್ ರೇಟ್ ಇಲ್ಲ, ಅಂದ್ರೆ ಸರ್ಕಾರದ ದರಪಟ್ಟಿಯಲ್ಲಿ ಅದು ಬರಲ್ಲ. ಎಸ್ಟಿಮೇಟ್ ಹೆಂಗೆ ಹಾಕೋದು?"

"ಕಲ್ಲು ತಾನೇ, ಲೋಡಿನ ಲೆಕ್ಕದಲ್ಲಿ ಹಾಕಿ."

"ಹಾಕಬಹುದು. ಆದ್ರೆ ಮೂರು ವರ್ಷ ನಿರ್ವಹಣೆ ಅಂತ ಒಂದು ಐಟಂ ಇರುತ್ತೆ. ಕಲ್ಲಿಗೆ ಏನಂತ ನಿರ್ವಹಣೆ ಬರೆಯೋದು?"

ಕಂಟ್ರಾಕ್ಟರು ನನ್ನನ್ನು ನೋಡಿದ ನೋಟದಲ್ಲಿ ಮರುಕವಿತ್ತು. ಸಭೆ ಮುಗಿದು ಚೌಚೌ ಬಾತ್ ಬಂತು. ಮೂರನೇ ಹಂತಕ್ಕೆ ಇನ್ನೆರಡು ಸೊಂಟ ತಿರುಗಿಸುವ ತಟ್ಟೆ ಮಂಜೂರಾಯಿತು.

ಹಟ ಹತ್ತಿತು. ನಮ್ಮ ಹಿತ್ತಲಿನಲ್ಲಿ ಅಮ್ಮನ ಕಾಲದ ಒರಳುಕಲ್ಲು ಮಣ್ಣು ತಿನ್ನುತ್ತಾ ಬಿದ್ದಿತ್ತು. ಮಿಕ್ಸಿ ಬರುವ ತನಕ ಏಳು ಜನರ ಮನೆಗೆ ದೋಸೆಹಿಟ್ಟು ರುಬ್ಬಿದ ಕಲ್ಲು. ಅಮ್ಮನ ಮುಂಗೈ ಹೇಗಿತ್ತು ಅಂದರೆ, ಬೆನ್ನಿಗೆ ಒಂದು ಬಿದ್ದರೆ ಎರಡು ದಿನ ನೆನಪಿರುತ್ತಿತ್ತು. ಆ ಒರಳಿನ ಗುಂಡನ್ನು ತೂಕ ಹಾಕಿಸಿದೆ, 18 ಕೆಜಿ. ಸ್ಕೂಟರಿನ ಮುಂದೆ ಇಟ್ಟುಕೊಂಡು ಪಾರ್ಕಿಗೆ ತಂದು ಅರಳಿಮರದ ಕೆಳಗೆ ನೆಟ್ಟಗೆ ನಿಲ್ಲಿಸಿದೆ. ದಿನಾ ಬೆಳಿಗ್ಗೆ ಎಂಟೆಂಟರಂತೆ ಮೂರು ಸಲ ಎತ್ತಿದೆ. ಎರಡನೇ ವಾರಕ್ಕೆ ರಾಯರೂ ಒಮ್ಮೆ ಮುಟ್ಟಿ, ಅಲ್ಲಾಡಿಸಿ ನೋಡಿದರು. ಒಂದು ತಿಂಗಳಿಗೆ ನನ್ನ ಪ್ಯಾಂಟು ತೊಡೆಯ ಹತ್ತಿರ ಬಿಗಿಯಾಯಿತು. ಸುಳ್ಳಲ್ಲ.

ಆಮೇಲೆ ನಾಲ್ಕು ದಿನ ಮದುವೆಗೆಂದು ಊರಿಗೆ ಹೋಗಿದ್ದೆ. ಸೋಮವಾರ ಬಂದು ನೋಡುತ್ತೇನೆ, ಗುಂಡಿನ ಮೇಲೆ ಮೂರು ಪಟ್ಟೆ ವಿಭೂತಿ. ತಲೆಯ ಮೇಲೆ ಬಿಲ್ವಪತ್ರೆ. ಮುಂದೆ ಎರಡು ಬಾಳೆಹಣ್ಣು, ಊದುಬತ್ತಿ, ಹತ್ತು ರೂಪಾಯಿಯ ಒಂದು ನೋಟು. ಕರಿಕಲ್ಲು, ನುಣುಪು, ನೆಟ್ಟಗೆ ನಿಂತಿದೆ, ಅರಳಿಮರದ ಬುಡ ಬೇರೆ. ತಪ್ಪು ನನ್ನದೇ. ಮುಂದಿನ ವಾರ ಸುತ್ತ ಸಿಮೆಂಟ್ ಕಟ್ಟೆ ಬಂತು, ಗುಂಡು ಅದರೊಳಗೆ ನಾಲ್ಕು ಬೆರಳು ಹೂತುಹೋಯಿತು. ವಾಕಿಂಗ್ ಗೆಳೆಯರು ಈಗ ಪಾರ್ಕು ಸುತ್ತುವುದನ್ನು ಬಿಟ್ಟು ಅದಕ್ಕೇ ಹನ್ನೊಂದು ಸುತ್ತು ಬರುತ್ತಾರೆ. ರಾಯರೇ ಅರ್ಚಕರು. ಇದು ನಮ್ಮ ಅಮ್ಮನ ರುಬ್ಬುಗುಂಡು ರಾಯರೇ, ಅಂದೆ. "ತಾಯಿಯೇ ದೇವರಲ್ವೇನ್ರೀ" ಅಂತ ತೀರ್ಥ ಕೊಟ್ಟರು.

ನಿನ್ನೆ ಜೂನಿಯರ್ ಇಂಜಿನಿಯರ್ ಟೇಪು ಹಿಡಿದುಕೊಂಡು ಬಂದಿದ್ದರು. ಕಟ್ಟೆಗೆ ಶೀಟಿನ ಚಾವಣಿ, ಸುತ್ತ ಸ್ಟೀಲ್ ಕಂಬಿ, ಪಕ್ಕದಲ್ಲಿ ಒಂದು ಗ್ರಾನೈಟ್ ಫಲಕ. ನನ್ನನ್ನು ನೋಡಿ ಖುಷಿಯಾಗಿ ಹತ್ತಿರ ಬಂದರು.

"ಸಾರ್, ನಿಮ್ಮ ಗುಂಡುಕಲ್ಲು ಕೊನೆಗೂ ಪಾಸಾಯ್ತು. ಚಾವಣಿಗೆ ಎಸ್‌ಆರ್ ರೇಟ್ ಇದೆ."