ಮಗಳು ಡಾಕ್ಟರಿಗೆ ಹೇಳಿದ್ದು ಮನೆಯವರಿಗೂ ಗುಟ್ಟಾಗಿರಬೇಕಾ?

ಪರ: ಗುಟ್ಟು ಡಾಕ್ಟರ ಹತ್ತಿರವೇ ಇರಲಿ

"ಮುಟ್ಟಾಗಿ ಎಷ್ಟು ದಿನ ಆಯ್ತಮ್ಮಾ?" ಡಾಕ್ಟರು ಕೇಳುವುದು ಹುಡುಗಿಯನ್ನು. ಉತ್ತರ ಕೊಡುವುದು ಪಕ್ಕದಲ್ಲಿ ಕೂತ ಅಮ್ಮ. ಹುಡುಗಿ ವೇಲಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನೆಲ ನೋಡುತ್ತಾಳೆ. ಅಮ್ಮನನ್ನು ಐದು ನಿಮಿಷ ಹೊರಗೆ ಕೂರಿಸಿದ್ದರೆ ನಿಜವಾದ ತೊಂದರೆ ಬಾಯಿಗೆ ಬರುತ್ತಿತ್ತೇನೋ.

ಹದಿನೇಳರ ಹುಡುಗಿ ಬಸುರಾದರೆ ಏನಾಗುತ್ತದೆ ನೋಡಿ. 1971ರ ಗರ್ಭಪಾತ ಕಾಯ್ದೆ ಪ್ರಕಾರ 18 ತುಂಬದವಳಿಗೆ ಪೋಷಕರು ಬರೆದುಕೊಟ್ಟ ಒಪ್ಪಿಗೆ ಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆ ಪ್ರಕಾರ, ಅವಳು ಇಷ್ಟಪಟ್ಟೇ ಸೇರಿದ್ದರೂ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು. ಇಲ್ಲದಿದ್ದರೆ ಅವರಿಗೇ ಆರು ತಿಂಗಳವರೆಗೆ ಜೈಲಾಗಬಹುದು. ಒಂದು ಕಡೆ ಅಪ್ಪ, ಇನ್ನೊಂದು ಕಡೆ ಸ್ಟೇಷನ್. ಹೆದರಿದವಳು ಮೆಡಿಕಲ್ ಶಾಪಿನ ಮಾತ್ರೆ ಹುಡುಕುತ್ತಾಳೆ, ಇಲ್ಲವೇ ಯಾರೋ ಹೇಳಿದ ನಾಟಿ ಮದ್ದು. ಆಸ್ಪತ್ರೆಗೆ ಬರುವುದು ರಕ್ತ ನಿಲ್ಲದಿದ್ದಾಗಲೇ.

ಈ ಭಯ ಸುಪ್ರೀಂ ಕೋರ್ಟಿಗೂ ಕಂಡಿದೆ. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಬೇಕಿಲ್ಲ ಎಂದು 2022ರ ಸೆಪ್ಟೆಂಬರ್ 29ರಂದು ಹೇಳಿತು. ಒಳ್ಳೆಯದೇ ಆಯಿತು. ಆದರೆ ಅಲ್ಲೂ ಪೋಷಕರು ಬೇಕು. ಮನೆಯವರೇ ಹೊಡೆದು ಹಾಕುವವರಾದರೆ? ಮನೆಯೊಳಗಿನವನೇ ಇದಕ್ಕೆಲ್ಲ ಕಾರಣನಾದರೆ? ಪೋಷಕರು ಅಂದರೆ ಅಪ್ಪ-ಅಮ್ಮನೇ ಎಂದು ಗರ್ಭಪಾತ ಕಾಯ್ದೆ ಹೇಳಿಲ್ಲ. ಅವಳನ್ನು ಸಾಕುತ್ತಿರುವ ಅಜ್ಜಿಯೂ ಸಹಿ ಹಾಕಬಹುದು. ಇಷ್ಟನ್ನಾದರೂ ಆ ಹುಡುಗಿಗೆ ಯಾರಾದರೂ ಹೇಳಬೇಕು, ಅಲ್ವಾ?

ವಿರೋಧ: ರಾತ್ರಿ ಜೊತೆಗಿರುವುದು ಮನೆಯವರೇ

ಕ್ಲಿನಿಕ್ಕಿನ ಬಾಗಿಲು ಸಂಜೆಗೆ ಮುಚ್ಚುತ್ತದೆ. ನಡುರಾತ್ರಿ ರಕ್ತ ಜಾಸ್ತಿ ಹೋದರೆ ಆಟೋ ಹುಡುಕುವವರು ಅಪ್ಪ-ಅಮ್ಮ. "ಯಾವ ಮಾತ್ರೆ ತಗೊಂಡಿದ್ದಾಳೆ?" ಎಂದು ನರ್ಸ್ ಕೇಳಿದಾಗ ಅವರು ಮುಖ ಮುಖ ನೋಡಿಕೊಂಡು ನಿಲ್ಲಬೇಕಾ?

ಹದಿನೈದರ ಹುಡುಗ "ಬದುಕೋದೇ ಬೇಡ ಅನ್ನಿಸ್ತಿದೆ" ಅಂದಾಗಲೂ ಹೀಗೇ. ಅವನ ಪಕ್ಕದಲ್ಲಿ ಮಲಗಬೇಕಾದವರಿಗೆ ಅದು ಗೊತ್ತಿರಲೇಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ 18ರ ಒಳಗಿನವರಿಗೆ ಚಿಕಿತ್ಸೆಯ ವಿಷಯದಲ್ಲಿ ಸಾಮಾನ್ಯವಾಗಿ ಪೋಷಕರನ್ನೇ ಪ್ರತಿನಿಧಿ ಮಾಡಿದ್ದು ಸುಮ್ನೆ ಅಲ್ಲ.

ಇನ್ನೊಂದು ಮಾತು. ಹುಡುಗಿಯನ್ನು ಕರೆತಂದ ಗಂಡಸೇ "ಮನೆಗೆ ಹೇಳಬೇಡಿ ಡಾಕ್ಟ್ರೇ" ಅಂದರೆ, ಆ ಗುಟ್ಟು ಕಾಯುವುದು ಅವನನ್ನು, ಅವಳನ್ನಲ್ಲ.

ಕೆಲವು ಮನೆಗಳಲ್ಲಿ ಹೊಡೆತ ಬೀಳುತ್ತದೆ, ನಿಜ. ಅಂಥ ಕಡೆ ಮಕ್ಕಳ ಸಹಾಯವಾಣಿ 1098 ಇದೆ. ಉಳಿದ ಮನೆಗಳಿಗೆ ತಿಳಿಸಿ. ಆದರೆ ಹುಡುಗಿಗೆ ಮೊದಲೇ ಹೇಳಿ, ಅವಳ ಎದುರಿಗೇ ತಿಳಿಸಿ. ಅಪ್ಪನ ಮೊದಲ ಸಿಟ್ಟು ಇಳಿಯುವ ತನಕ ಡಾಕ್ಟರು ಕುರ್ಚಿ ಬಿಟ್ಟು ಏಳದಿರಲಿ.