ನಾರ್ತ್ ಪ್ಲಾಟ್ ಕ್ಯಾಂಟೀನ್ ಆ ಊರಿನ ನಿಜವಾದ ಮುಖವೇ? ಪರ ಮತ್ತು ವಿರೋಧ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ನಾರ್ತ್ ಪ್ಲಾಟ್ ಎಂಬ ಸಣ್ಣ ಊರಿನವರು ತಮ್ಮ ರೈಲು ನಿಲ್ದಾಣದಲ್ಲಿ ಸೈನಿಕರಿಗಾಗಿ ಒಂದು ಕ್ಯಾಂಟೀನ್ ನಡೆಸಿದರು. ಯುದ್ಧಕಾಲದಲ್ಲಿ ಒಂದು ಊರು ಹೇಗೆ ಬಾಳಬೇಕೆಂಬುದಕ್ಕೆ ಮಾದರಿಯಾಗಿ ಅದನ್ನು ಇಂದಿಗೂ ನೆನೆಯಲಾಗುತ್ತದೆ. ಆ ನೆನಪನ್ನು ಊರಿನ ಬದುಕಿನ ನಿಜವಾದ ಚಿತ್ರವೆಂದು ಒಪ್ಪಬಹುದೇ ಎಂಬುದು ಇಲ್ಲಿನ ಪ್ರಶ್ನೆ.

ಪರ

ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿ ಹತ್ತು ದಿನಗಳಾಗಿದ್ದವು. ನೆಬ್ರಾಸ್ಕಾ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನೆಯ ‘ಡಿ ಕಂಪನಿ’ ಎಂಬ ತುಕಡಿಯಲ್ಲಿದ್ದ ತಮ್ಮ ಹುಡುಗರು ರೈಲಿನಲ್ಲಿ ಹಾದುಹೋಗುತ್ತಾರೆಂಬ ಸುದ್ದಿ ಕೇಳಿ, 1941ರ ಡಿಸೆಂಬರ್ 17ರಂದು ನೂರಾರು ಜನ ತಿಂಡಿ, ಸಿಗರೇಟು, ಉಡುಗೊರೆಗಳನ್ನು ಹಿಡಿದು ನಿಲ್ದಾಣದಲ್ಲಿ ಕಾದು ನಿಂತಿದ್ದರು. ಹೊತ್ತು ಮೀರಿ ಬಂದ ರೈಲಿನಲ್ಲಿದ್ದವರು ಕಾನ್ಸಾಸ್ ರಾಜ್ಯದ ಡಿ ಕಂಪನಿಯವರು. ಒಂದೂ ಪರಿಚಯದ ಮುಖವಿರಲಿಲ್ಲ. ಮಗನಿಗೆಂದು ತಂದದ್ದನ್ನು ಜನ ಮನೆಗೆ ಮರಳಿ ಒಯ್ಯಬಹುದಿತ್ತು, ಆದರೆ ಒಯ್ಯಲಿಲ್ಲ. ಗುರುತಿಲ್ಲದ ಆ ಹುಡುಗರ ಕೈಗೇ ಎಲ್ಲವನ್ನೂ ಕೊಟ್ಟರು. ಅಲ್ಲಿದ್ದವರಲ್ಲಿ ಔಷಧದಂಗಡಿಯಲ್ಲಿ ಕೆಲಸಕ್ಕಿದ್ದ ರೇ ವಿಲ್ಸನ್ ಎಂಬ 26 ವರ್ಷದ ಯುವತಿಯೂ ಒಬ್ಬಳು. ಹೀಗೆ ಪ್ರತಿ ರೈಲಿಗೂ ಏಕೆ ಮಾಡಬಾರದು ಎಂದು ಆಕೆ ಊರಿನ ಪತ್ರಿಕೆಗೆ ಪತ್ರ ಬರೆದಳು. ಡಿಸೆಂಬರ್ 25ರ ಕ್ರಿಸ್‌ಮಸ್ ದಿನವೇ ಕ್ಯಾಂಟೀನ್ ಶುರುವಾಯಿತು, ಮತ್ತು 1946ರ ಏಪ್ರಿಲ್ 1ರವರೆಗೆ ನಡೆಯಿತು.

ಊರಿನ ಜನಸಂಖ್ಯೆ ಸುಮಾರು 12,000. ಅಲ್ಲಿ ತಿಂದು, ಕುಡಿದು ಮುಂದೆ ಹೋದ ಸೈನಿಕರ ಸಂಖ್ಯೆ ಸುಮಾರು 60 ಲಕ್ಷ ಎಂದು ಲೆಕ್ಕ ಹಾಕಿದ್ದಾರೆ. ದಿನಕ್ಕೆ 3,000ದಿಂದ 5,000 ಜನ ಬಂದುಹೋಗುತ್ತಿದ್ದರು. ಇಷ್ಟು ಭಾರವನ್ನು ಒಂದೇ ಊರು ಹೊರಲಾಗದು; ಪಕ್ಕದ ಕೊಲೊರಾಡೊದ ಕೆಲವು ಊರುಗಳೂ ಸೇರಿ ಸುಮಾರು 125 ಊರುಗಳ ಜನ ಸರದಿ ಹಾಕಿಕೊಂಡು, ತಮ್ಮ ಪಾಳಿಯ ದಿನ ಬೇಯಿಸಿದ ಮೊಟ್ಟೆ, ಸ್ಯಾಂಡ್‌ವಿಚ್, ಕೇಕುಗಳನ್ನು ಹೊತ್ತು ಬರುತ್ತಿದ್ದರು. ಸರ್ಕಾರದ ಅನುದಾನ ಇರಲಿಲ್ಲ. ಅಧ್ಯಕ್ಷ ರೂಸ್‌ವೆಲ್ಟ್ 5 ಡಾಲರ್ ಕಳಿಸಿಕೊಟ್ಟದ್ದನ್ನು ಬಿಟ್ಟರೆ ಉಳಿದದ್ದೆಲ್ಲ ಜನರು ಕೂಡಿಸಿದ ಕಾಸು, ಗುಜರಿ ಮಾರಿ ಬಂದ ಹಣ, ಕುಣಿತದ ಕೂಟಗಳ ಟಿಕೆಟ್ ಹಣ. ಒಬ್ಬ ಹುಡುಗ ದನದ ಹರಾಜಿನ ಕಣದಲ್ಲಿ ತಾನು ತೊಟ್ಟಿದ್ದ ಅಂಗಿಯನ್ನೇ ಬಿಚ್ಚಿ ಹರಾಜಿಗಿಟ್ಟು, ಬಂದ ಹಣವನ್ನು ಕ್ಯಾಂಟೀನಿಗೆ ಕೊಟ್ಟ.

ಇದೆಲ್ಲ ನಡೆದದ್ದು ಪಡಿತರದ ಕಾಲದಲ್ಲಿ ಎಂಬುದನ್ನು ಮರೆತರೆ ಈ ಕೊಡುಗೆಯ ತೂಕ ತಿಳಿಯುವುದಿಲ್ಲ. ಟೈರುಗಳಿಗೆ 1942ರ ಜನವರಿಯಲ್ಲಿ ಪಡಿತರ ಬಂತು. ಮೇ ತಿಂಗಳಲ್ಲಿ ಸಕ್ಕರೆಗೆ ಬಂತು, ತಲೆಗೆ ವಾರಕ್ಕೆ ಅರ್ಧ ಪೌಂಡ್, ಅಂದರೆ ಕಾಲು ಕಿಲೋಗೂ ಕಡಿಮೆ. ನವೆಂಬರ್ ಕೊನೆಗೆ ಕಾಫಿ ಪುಡಿಯೂ ಐದು ವಾರಕ್ಕೆ ಒಂದು ಪೌಂಡಿಗೆ ಇಳಿಯಿತು. ಡಿಸೆಂಬರಿನಲ್ಲಿ ಪೆಟ್ರೋಲ್ ಪಡಿತರ ಇಡೀ ದೇಶಕ್ಕೆ ಹಬ್ಬಿ, ಸಾಮಾನ್ಯ ಕಾರಿನವನಿಗೆ ವಾರಕ್ಕೆ ನಾಲ್ಕೇ ಗ್ಯಾಲನ್ ಸಿಗತೊಡಗಿತು. ರಸ್ತೆಯಲ್ಲಿ ಗಂಟೆಗೆ 35 ಮೈಲಿ ಮೀರಿ ಓಡಿಸುವಂತಿರಲಿಲ್ಲ. ಮಾಂಸ ಮತ್ತು ಬೆಣ್ಣೆಯ ಸರದಿ 1943ರ ಮಾರ್ಚಿನಲ್ಲಿ ಬಂತು. ಹೀಗಿರುವಾಗ, ಒಬ್ಬ ಗೃಹಿಣಿ ತನ್ನ ಮಕ್ಕಳ ಪಾಲಿನ ಸಕ್ಕರೆಯನ್ನು ಚಮಚ ಚಮಚವಾಗಿ ಎತ್ತಿಟ್ಟು, ಅಂದು ತನ್ನ ಹುಟ್ಟುಹಬ್ಬವೆಂದು ಹೇಳುವ ಯಾವನೋ ಹುಡುಗನಿಗಾಗಿ ಕೇಕು ಮಾಡುತ್ತಿದ್ದಳೆಂದರೆ, ಅದನ್ನು ತೋರಿಕೆಯ ದೇಶಭಕ್ತಿ ಎಂದು ತಳ್ಳಿಹಾಕಲು ನನಗಂತೂ ಬಾಯಿ ಬರುವುದಿಲ್ಲ. ಅಂಥ ಹುಟ್ಟುಹಬ್ಬದ ಕೇಕುಗಳೇ ದಿನಕ್ಕೆ ಸುಮಾರು 20 ಹೋಗುತ್ತಿದ್ದವು.

ಸೈನಿಕರ ರೈಲುಗಳ ವೇಳೆ ಗುಟ್ಟಿನ ವಿಷಯವಾಗಿತ್ತು. ರೈಲು ಹತ್ತಿರ ಬಂದಿದೆ ಎಂದು ತಿಳಿಸಲು ‘ಕಾಫಿ ಪಾತ್ರೆ ಒಲೆಯ ಮೇಲಿದೆ’ ಎಂಬ ಸಂಕೇತದ ಮಾತನ್ನು ಬಳಸುತ್ತಿದ್ದರು. ಉಗಿ ಎಂಜಿನ್ನಿಗೆ ನೀರು ತುಂಬಿ, ಗಾಲಿಗಳಿಗೆ ಎಣ್ಣೆ ಹಾಕುವಷ್ಟು ಹೊತ್ತು, ಅಂದರೆ ಹತ್ತು ಹದಿನೈದು ನಿಮಿಷ ಮಾತ್ರ ರೈಲು ನಿಲ್ಲುತ್ತಿತ್ತು. ಅಷ್ಟರಲ್ಲಿ ಹುಡುಗರು ಓಡಿಬಂದು, ಬಿಸಿ ಕಾಫಿ ಕುಡಿದು, ಪಿಯಾನೋ ಬಾರಿಸುವವರಿದ್ದರೆ ಒಂದು ಹಾಡನ್ನೂ ಕೇಳಿ, ಜೇಬಿಗೆ ಒಂದು ಪಾಪ್‌ಕಾರ್ನ್ ಉಂಡೆ ಹಾಕಿಕೊಂಡು ಮತ್ತೆ ಓಡಬೇಕು. ಕೆಲವು ಉಂಡೆಗಳೊಳಗೆ ಊರಿನ ಹುಡುಗಿಯರ ಹೆಸರು, ವಿಳಾಸ ಬರೆದ ಚೀಟಿ ಇರುತ್ತಿತ್ತು. ಆ ಚೀಟಿಯಿಂದ ಪತ್ರ, ಪತ್ರದಿಂದ ಮದುವೆಯವರೆಗೂ ಹೋದ ಉದಾಹರಣೆಗಳಿವೆ. ಮಗ ಯುದ್ಧದಲ್ಲಿ ಸತ್ತನೆಂಬ ಸುದ್ದಿ ಬಂದ ಮೇಲೂ, ಅವನಿಗೆ ಇನ್ನು ಏನೂ ಮಾಡಲಾರೆ, ಬೇರೆ ತಾಯಂದಿರ ಮಕ್ಕಳಿಗಾದರೂ ಮಾಡುತ್ತೇನೆ ಎಂದು ಕ್ಯಾಂಟೀನಿನ ಕೆಲಸಕ್ಕೆ ಬಂದ ತಾಯಿಯನ್ನು ಜೊತೆಯವರು ಮುಪ್ಪಿನವರೆಗೂ ನೆನೆಯುತ್ತಿದ್ದರು.

ಇದನ್ನು ನಮ್ಮ ಮಾತಿನಲ್ಲಿ ದಾಸೋಹ ಎನ್ನದೆ ಬೇರೇನು ಹೇಳಬೇಕೋ ನನಗೆ ತಿಳಿಯದು. ಸೈನ್ಯದಲ್ಲೇ ಬಿಳಿಯರನ್ನೂ ಕರಿಯರನ್ನೂ ಬೇರೆ ಬೇರೆ ತುಕಡಿಗಳಲ್ಲಿ ಇಟ್ಟಿದ್ದ ಕಾಲದಲ್ಲಿ, ಈ ಕ್ಯಾಂಟೀನಿನ ಮೇಜಿನಲ್ಲಿ ಪಂಕ್ತಿಭೇದ ಇರಲಿಲ್ಲ. ಸಮವಸ್ತ್ರ ತೊಟ್ಟು ಇಳಿದವನಿಗೆ ಬಣ್ಣ ನೋಡದೆ ಬಡಿಸಿದರು. ದೇಶದಲ್ಲಿ ಕಾಳಸಂತೆ ನಡೆಯುತ್ತಿದ್ದುದು ನಿಜ, ಪಡಿತರ ಚೀಟಿಗಳಲ್ಲಿ ಮೋಸ ನಡೆದದ್ದೂ ನಿಜ. ಆದರೂ ನಾಲ್ಕು ವರ್ಷ ಮೂರು ತಿಂಗಳು, ದಿನದ ಮೊದಲ ರೈಲಿನಿಂದ ಕೊನೆಯ ರೈಲಿನವರೆಗೆ, ಯಾರ ಅಪ್ಪಣೆಯೂ ಇಲ್ಲದೆ ನಡೆದ ಕೆಲಸವನ್ನು ಊರಿನ ಮುಖವಾಡ ಎನ್ನಲಾಗದು. ಮುಖವಾಡವನ್ನು ಅಷ್ಟು ಕಾಲ ಹೊರಲು ಯಾವ ಊರಿಗೂ ಸಾಧ್ಯವಿಲ್ಲ.

ವಿರೋಧ

ಮೇಲಿನ ಕಥೆ ಡಿಸೆಂಬರ್ 17ರಿಂದ ಶುರುವಾಗುತ್ತದೆ. ಅದನ್ನು ಹತ್ತು ದಿನ ಹಿಂದಕ್ಕೆ, ಪರ್ಲ್ ಹಾರ್ಬರ್ ದಾಳಿಯಾದ 1941ರ ಡಿಸೆಂಬರ್ 7ರ ಭಾನುವಾರಕ್ಕೆ ಒಯ್ದರೆ ಅದೇ ಊರು ಬೇರೆ ರೀತಿಯಲ್ಲಿ ಕಾಣುತ್ತದೆ. ಅಂದು ನಾರ್ತ್ ಪ್ಲಾಟಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಸುತ್ತಲಿನ ಜಪಾನಿ ಮೂಲದ ರೈತ ಕುಟುಂಬಗಳು ಸಭೆ ಸೇರಿದ್ದವು. ಜಪಾನಿ ಅಮೆರಿಕನ್ನರ ಸಂಘದ ಮುಖಂಡ ಮೈಕ್ ಮಸಾವೊಕಾ ಮಾತನಾಡಲು ಬಂದಿದ್ದರು. ಸಭೆಯ ನಡುವೆಯೇ ಅವರನ್ನು ಹಿಡಿದು ಊರಿನ ಜೈಲಿಗೆ ಹಾಕಿದರು. ಅದೇ ದಿನ, ಅದೇ ಊರಿನಲ್ಲಿ, ಎಪಿಸ್ಕೋಪಲ್ ಎಂಬ ಕ್ರೈಸ್ತ ಪಂಥದ ಪಾದ್ರಿ ಹಿರಾಮ್ ಹಿಸಾನೋರಿ ಕಾನೊ ಅವರ ಬಂಧನವೂ ಆಯಿತು. ಕಾನೊ ನೆಬ್ರಾಸ್ಕಾದ ಜಪಾನಿ ವಲಸಿಗರಿಗೆ ಇಂಗ್ಲಿಷ್ ಮತ್ತು ಬೇಸಾಯ ಕಲಿಸುತ್ತ ಊರೂರು ತಿರುಗಿದ್ದವರು. ಅವರನ್ನು ಒಂದು ಶಿಬಿರದಿಂದ ಇನ್ನೊಂದಕ್ಕೆ ಸಾಗಿಸುತ್ತ 1944ರವರೆಗೆ ಬಂಧನದಲ್ಲಿಟ್ಟರು.

ಆ ಸಭೆಯಲ್ಲಿದ್ದವರಲ್ಲಿ ಹತ್ತಿರದ ಹರ್ಷೆ ಎಂಬ ಹಳ್ಳಿಯ ಜಪಾನಿ ಮೂಲದ ರೈತನ ಮಗ ಬೆನ್ ಕುರೋಕಿಯೂ ಒಬ್ಬ. ತಂದೆಯ ಒಪ್ಪಿಗೆ ಪಡೆದು, ತಮ್ಮನೊಂದಿಗೆ ನಾರ್ತ್ ಪ್ಲಾಟಿಗೆ ಬಂದು ಸೈನ್ಯಕ್ಕೆ ಅರ್ಜಿ ಹಾಕಿದ. ವಾರಗಳು ಕಳೆದರೂ ಕರೆ ಬರಲಿಲ್ಲ. ಕೊನೆಗೆ ಅಣ್ಣತಮ್ಮಂದಿರು ಸುಮಾರು 150 ಮೈಲಿ ದೂರದ ಗ್ರ್ಯಾಂಡ್ ಐಲೆಂಡಿಗೆ ಹೋಗಿ ಸೇರಿಕೊಂಡರು. ಮುಂದೆ ಬೆನ್ ಯುರೋಪಿನ ಆಕಾಶದಲ್ಲಿ 30, ಜಪಾನಿನ ಮೇಲೆ 28, ಒಟ್ಟು 58 ಹಾರಾಟಗಳಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ ಹೋರಾಡಿದ. ಊರಿನವರು ಗುರುತಿಲ್ಲದ ಕಾನ್ಸಾಸ್ ಹುಡುಗರ ಕೈಗೆ ಸಿಹಿ ಇಡುತ್ತಿದ್ದ ದಿನಗಳಲ್ಲೇ, ಪಕ್ಕದ ಹೊಲದ ಹುಡುಗ ಅದೇ ಊರಿನ ಭರ್ತಿ ಕಚೇರಿಯ ಕರೆಗೆ ಕಾದು ಕುಳಿತಿದ್ದ ಎಂಬುದನ್ನು ನಾನು ಬಿಟ್ಟುಬಿಡಲಾರೆ.

ಕ್ಯಾಂಟೀನಿನಲ್ಲಿ ಪಂಕ್ತಿಭೇದ ಇರಲಿಲ್ಲ ಎಂಬ ಮಾತನ್ನು ನಾನು ಒಪ್ಪುತ್ತೇನೆ, ಅದು ಸಣ್ಣ ಮಾತೂ ಅಲ್ಲ. ಆದರೆ ಬಡಿಸುವ ಮೇಜಿನಾಚೆ ಯಾರು ಬಾಳಬಹುದಿತ್ತು ಎಂಬುದನ್ನೂ ಕೇಳಬೇಕಲ್ಲವೇ? 1929ರ ಜುಲೈನಲ್ಲಿ ಈ ಊರಿನ ಒಬ್ಬ ಪೊಲೀಸನನ್ನು ಕರಿಯನೊಬ್ಬ ಕೊಂದಾಗ, ಆರೋಪಿ ಸತ್ತ ಮೇಲೂ ಸಿಟ್ಟು ತಣಿಯದ ಗುಂಪೊಂದು ಮನೆಮನೆಗೆ ಹೋಗಿ, ಊರು ಬಿಟ್ಟು ತೊಲಗಿ ಎಂದು ಕರಿಯ ಕುಟುಂಬಗಳಿಗೆಲ್ಲ ತಾಕೀತು ಮಾಡಿತು. ಉಟ್ಟ ಬಟ್ಟೆಯಲ್ಲೇ ಹೊರಟ ಕುಟುಂಬಗಳಲ್ಲಿ ಕೆಲವು ಆಮೇಲೆ ಮರಳಿದವು, ಉಳಿದವು ಬರಲಿಲ್ಲ. ಹನ್ನೆರಡು ವರ್ಷಗಳ ನಂತರ ಅದೇ ಊರಿಗೆ ಬಂದ ಕರಿಯ ಸೈನಿಕನಿಗೆ ಕಾಫಿ ಸಿಕ್ಕಿತು, ಹತ್ತು ನಿಮಿಷದಲ್ಲಿ ರೈಲು ಹೊರಟಿತು. ಹಾದುಹೋಗುವವನ ಮೇಲೆ ತೋರಿದ ಅಕ್ಕರೆಯಿಂದ, ನೆರೆಮನೆಯವನೊಂದಿಗೆ ಆ ಊರು ಹೇಗೆ ಬಾಳಿತು ಎಂದು ಹೇಳಲು ಬರುವುದಿಲ್ಲ. ಪರವಾದ ವಾದ ಎಡವುವುದು ಇಲ್ಲಿಯೇ.

ಯುದ್ಧದ ದಿನಗಳೆಂದರೆ ಬರೀ ಕೊರತೆಯ ದಿನಗಳೆಂಬ ಭಾವನೆಯನ್ನೂ ಸ್ವಲ್ಪ ತಿದ್ದಬೇಕು. ಬರಗಾಲ ಮತ್ತು ಮಹಾ ಆರ್ಥಿಕ ಕುಸಿತದಿಂದ ಹತ್ತು ವರ್ಷ ನರಳಿದ್ದ ಆ ಬಯಲುಸೀಮೆಗೆ ಯುದ್ಧ ಒಳ್ಳೆಯ ಬೆಳೆಯ ಬೆಲೆಯನ್ನೂ ಕೈತುಂಬ ಕೆಲಸವನ್ನೂ ತಂದುಕೊಟ್ಟಿತು. ಹೊಲದ ಕೆಲಸಕ್ಕೆ ಆಳು ಸಿಗದೆ ಹೋದಾಗ, ಸೆರೆಸಿಕ್ಕ ಜರ್ಮನ್ ಸೈನಿಕರನ್ನು ಕರೆತಂದು ನೆಬ್ರಾಸ್ಕಾದ ಹೊಲಗಳಲ್ಲಿ ದುಡಿಸಿದರು. ಶತ್ರು ದೇಶದ ಸೈನಿಕನಿಗೆ ಹೊಲದಲ್ಲಿ ಜಾಗ ಸಿಕ್ಕಿದ ಕಾಲದಲ್ಲಿ, ಅದೇ ಹೊಲಗಳ ಜನರಿಗೆ ಪಾಠ ಹೇಳಿದ್ದ ಕಾನೊ ಮುಳ್ಳುತಂತಿಯ ಹಿಂದೆ ಇದ್ದರು.

ಕ್ಯಾಂಟೀನ್ ನಡೆಸಿದ ಹೆಂಗಸರ ಮೇಲೆ ನನಗೆ ದೂರಿಲ್ಲ. ಕಾನೊ ಅವರನ್ನು ಬಂಧಿಸಿದ್ದು ಅವರಲ್ಲ, ಕುರೋಕಿಯ ಅರ್ಜಿಯನ್ನು ತಡೆದಿಟ್ಟದ್ದೂ ಅವರಲ್ಲ. ನನ್ನ ತಕರಾರು ನೆನಪಿನೊಂದಿಗೆ. ನಿಲ್ದಾಣದ ಕಟ್ಟಡವನ್ನು 1973ರಲ್ಲಿ ಕೆಡವಿದರೂ ಅಲ್ಲಿನ ಕಥೆಯನ್ನು ಊರು ಮರೆಯಲಿಲ್ಲ. ಚರ್ಚಿನ ನೆಲಮಾಳಿಗೆಯ ಕಥೆಗೆ ಅಷ್ಟು ಆಯುಷ್ಯ ಸಿಗಲಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳದವರೆಗೆ ಆ ಕ್ಯಾಂಟೀನನ್ನು ಊರಿನ ನಿಜವಾದ ಚಿತ್ರವೆನ್ನಲು ನಾನು ಒಪ್ಪಲಾರೆ. ಬಿಡುಗಡೆಯಾದ ಕಾನೊ ಮುಂದೆ ನೆಬ್ರಾಸ್ಕಾಕ್ಕೇ ಮರಳಿ ಪಾದ್ರಿಯಾಗಿ ದುಡಿದರು. ಜಪಾನಿನಲ್ಲಿ ಹುಟ್ಟಿದವರು ಅಮೆರಿಕದ ಪೌರರಾಗಬಹುದೆಂಬ ಕಾನೂನು 1952ರಲ್ಲಿ ಬಂದ ಮೇಲೆ, 1953ರಲ್ಲಿ ಅವರಿಗೆ ಪೌರತ್ವ ಸಿಕ್ಕಿತು. ಆಗ ಅವರು ಆ ರಾಜ್ಯಕ್ಕೆ ಬಂದು 37 ವರ್ಷಗಳಾಗಿದ್ದವು.