ಐದು ನಿಮಿಷದ ಹೊಗೆಗೆ ಇಷ್ಟು ಅಸಹನೆಯಾ?

ನಿನ್ನೆ ಪರ್ತ್‌ನಲ್ಲಿ ನಮ್ಮವರ ರಾಜ್ಯೋತ್ಸವ. ಶುರುವಿಗೆ ಆಸ್ಟ್ರೇಲಿಯಾದ ಈ ಭಾಗದ ಮೂಲನಿವಾಸಿಗಳಾದ ನೂಂಗಾರ್ ಸಮುದಾಯದ ಹಿರಿಯರೊಬ್ಬರು ಬಂದು, ಹಸಿ ಎಲೆಯ ಹೊಗೆ ಹಾಕಿ, ತಮ್ಮ ನೆಲಕ್ಕೆ ನಮ್ಮನ್ನು ಬರಮಾಡಿಕೊಂಡರು. ನನ್ನ ಹಿಂದಿನ ಸಾಲಿನ ಮಹಾಶಯರು, "ಈ ನಾಟಕ ಯಾವಾಗ ಮುಗಿಯುತ್ತಪ್ಪಾ, ಊಟಕ್ಕೆ ಲೇಟಾಯ್ತು" ಅಂದರು. ಇವರ ಗೃಹಪ್ರವೇಶದ ದಿನ ಸ್ಮೋಕ್ ಅಲಾರಂಗೆ ಟವೆಲ್ ಸುತ್ತಿ, ಕಣ್ಣುರಿಸಿಕೊಂಡು ಮಧ್ಯಾಹ್ನದವರೆಗೆ ಹೋಮಕ್ಕೆ ಕೂತವರು ನಾವು. ಯಾರಾದರೂ ತುಟಿಪಿಟಕ್ ಅಂದಿದ್ದೆವಾ?

ಊಟದ ಹೊತ್ತಿಗೆ ಮಾತು ಗಣಿ ಕಂಪನಿಯೊಂದು ಸಿಡಿಸಿ ಹಾಕಿದ ಜೂಕನ್ ಕಣಿವೆಗೆ ಬಂತು. "ಕಂಪನಿ ಸಾರಿ ಕೇಳಿಯಾಯ್ತಲ್ಲ, ಕಲ್ಲಿಗೆ ಎಷ್ಟು ದಿನ ಅಳ್ತಾರೆ?" ಅಂದರು ಅದೇ ಮಹಾಶಯರು.

ಕಲ್ಲಾ? ಇಲ್ಲಿಂದ ಉತ್ತರಕ್ಕಿರುವ ಗಣಿನಾಡು ಪಿಲ್ಬರಾದ ಆ ಕಲ್ಲಾಸರೆಯಲ್ಲಿ 46,000 ವರ್ಷಗಳ ಹಿಂದೆಯೇ ಜನ ಇದ್ದ ಗುರುತಿತ್ತು. ಹಲವರ ಕೂದಲು ಸೇರಿಸಿ ಹೆಣೆದ, 4,000 ವರ್ಷ ಹಳೆಯ ಜಡೆಯ ತುಂಡು ಸಿಕ್ಕಿತ್ತು. ಡಿಎನ್‌ಎ ನೋಡಿದರೆ ಇವತ್ತು ಬದುಕಿರುವ, ಆ ನೆಲದ ಮೂಲನಿವಾಸಿಗಳಾದ ಪುಟು ಕುಂಟಿ ಕುರ್ರಾಮ ಜನರ ಪೂರ್ವಿಕರದ್ದೇ. ಅಜ್ಜಿಯ ಅಜ್ಜಿಯ ಕೂದಲು ಸ್ವಾಮಿ! ಇಷ್ಟೆಲ್ಲ ಗೊತ್ತಾದ ಮೇಲೂ 2020ರ ಮೇ 24ರಂದು ಆ ಗಣಿ ಕಂಪನಿ, ರಿಯೊ ಟಿಂಟೊ, ಅಲ್ಲಿ ಸಿಡಿಮದ್ದು ಇಟ್ಟಿತು. ಅದೂ ಕಾನೂನು ಪ್ರಕಾರವೇ. ಸರ್ಕಾರ 2013ರಲ್ಲೇ ಅನುಮತಿ ಕೊಟ್ಟಿತ್ತು. ಆಮೇಲೆ ಏನೇ ಸಿಕ್ಕಿದರೂ ಅದನ್ನು ಮರುಪರಿಶೀಲಿಸಲು ಮೂಲನಿವಾಸಿ ಪರಂಪರೆಯ 1972ರ ಕಾಯ್ದೆಯಲ್ಲಿ ದಾರಿ ಇರಲಿಲ್ಲ.

"ಗಣಿ ಇಲ್ಲದಿದ್ರೆ ನಿನ್ನ ಸಂಬಳ ಎಲ್ಲಿಂದ?" ಅಂತ ಕೇಳಿದರು. ಹೌದು, ನನ್ನ ಮನೆ ಕಂತು ಕಟ್ಟುವುದೂ ಗಣಿ ದುಡ್ಡಲ್ಲೇ. ಹಾಗಂತ ಬಾಯಿಗೆ ಬೀಗ ಹಾಕಿಕೊಳ್ಳಬೇಕಾ? ಆ ಜನ ಗಣಿಯೇ ಬೇಡ ಅಂದವರಲ್ಲ. ಕಲ್ಲಾಸರೆ ಉಳಿಸಿ ಅದಿರು ತೆಗೆಯುವ ಮೂರು ಯೋಜನೆಗಳು ಕಂಪನಿಯ ಬಳಿ ಇದ್ದವು. ಅವರಿಗೆ ಹೇಳಲೇ ಇಲ್ಲ. ಕಲ್ಲಾಸರೆ ಒಡೆಯುವ ನಾಲ್ಕನೆಯದರಲ್ಲಿ 80 ಲಕ್ಷ ಟನ್ ಅದಿರು ಜಾಸ್ತಿ ಸಿಗುತ್ತಿತ್ತು, ಅಷ್ಟೇ.

ನಮ್ಮವರಿಗೆ ಇದೆಲ್ಲ ಸತ್ತ ಕಾಲದ ಸಾಮಾನು. ಆದರೆ ಉತ್ತರದ ಕಿಂಬರ್ಲಿ ಪ್ರದೇಶದ ಬಂಡೆಗಳ ಮೇಲೆ ವಂಜಿನಾ ಎಂಬ ದೇವತೆಗಳ ಚಿತ್ರಗಳಿವೆ. ಬಿಳಿ ಮುಖ, ದೊಡ್ಡ ಕಣ್ಣು, ಮೂಗು. ಬಾಯಿ ಮಾತ್ರ ಇಲ್ಲ. ಮಳೆ ತರುವವರು ಅವರು. ಬಣ್ಣ ಮಾಸಿದರೆ ಅಲ್ಲಿನ ಕುಟುಂಬಗಳೇ ಮತ್ತೆ ಬಳಿಯುತ್ತವೆ. ಅದು ಅವರ ಕರ್ತವ್ಯ. 1980ರ ದಶಕದಲ್ಲಿ ಹಾಗೆ ಬಳಿದಾಗ "ಪ್ರಾಚೀನ ಕಲೆ ಹಾಳಾಯ್ತು" ಅಂತ ಹೊರಗಿನವರು ಬೊಬ್ಬೆ ಹಾಕಿದ್ದರು. ಮನೆಯವರಿಗಿಂತ ಪಕ್ಕದವರಿಗೇ ಚಿಂತೆ ಜಾಸ್ತಿ!

ತಮಾಷೆ ಕೇಳಿ. 2025ರ ಜುಲೈನಲ್ಲಿ ಪಿಲ್ಬರಾದ ಬಂಡೆ ಕೆತ್ತನೆಗಳ ತಾಣ ಮುರುಜುಗ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಚಪ್ಪಾಳೆಗಳ ಸುರಿಮಳೆ. ಹತ್ತು ಲಕ್ಷಕ್ಕೂ ಹೆಚ್ಚು ಕೆತ್ತನೆಗಳು, ಆಹಾ! ಅದರ ಪಕ್ಕದಲ್ಲೇ ಇರುವ ಗ್ಯಾಸ್ ಘಟಕದ ಹೊಗೆ ಬಗ್ಗೆ ಒಂದು ಲಿಂಕ್ ಹಾಕಿದೆ. "ಗ್ರೂಪಲ್ಲಿ ರಾಜಕೀಯ ಬೇಡ" ಅಂದರು ಅಡ್ಮಿನ್.